ಎಣ್ಣೆಗೆ ಬೆರಳಿರಲಿಲ್ಲ

ಹಿರೇಕೊಳ್ಳದ ಹಳ್ಳದ ದಂಡೆಯ ಮೇಲೆ, ಹುಣಸೆಮರಕ್ಕೆ ಆತುಕೊಂಡಂತೆ ಒಂದು ಗುಡಿಸಲು. ಪೂಜ್ಯ ಶ್ರೀ ಚನ್ನಮಲ್ಲಯ್ಯಜ್ಜನವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಅಲ್ಲಿಯೇ. ಹಾಸಲು ಕಂಬಳಿ, ನೀರಿಗೊಂದು ಮಣ್ಣಿನ ಕೊಡ, ಇಷ್ಟೇ ಅವರ ಮಠ. ಭಕ್ತರು ಕಲ್ಲಿನ ಕಟ್ಟಡ ಕಟ್ಟಿಸುತ್ತೇವೆಂದರೆ, "ಇದೇನ ಸೋರಂಗಿಲ್ಲ, ಬಿಡ್ರಿ" ಎಂದು ನಕ್ಕುಬಿಡುತ್ತಿದ್ದರು.

ಒಂದು ಚಳಿಗಾಲದಲ್ಲಿ ಅಜ್ಜನವರ ಕುತ್ತಿಗೆ ಹಿಡಿದುಕೊಂಡಿತು. ತಲೆ ಒಂದು ಕಡೆಗೆ ವಾಲಿ, ಪ್ರಸಾದದ ತುತ್ತು ಕೂಡ ಬಾಯಿಗೆ ನೆಟ್ಟಗೆ ಹೋಗದಂತಾಯಿತು. ಅವರು ಯಾರಿಗೂ ಏನೂ ಹೇಳಲಿಲ್ಲ. ನೋಡಲಾರದೆ ಭಕ್ತರೇ ಗರಡಿಮನೆಯ ಪರಗೊಂಡ ವಸ್ತಾದನಿಗೆ ಹೇಳಿಕಳಿಸಿದರು.

ಪರಗೊಂಡ ಊರಗೌಡರ ಮನೆತನದವನು. ಕುಸ್ತಿ ಕಲಿಸುವುದರ ಜೊತೆಗೆ ಮೈ ತಿಕ್ಕಿ, ಬಿಗಿದ ನರ ಬಿಡಿಸಿ, ಸರಿದ ಕೀಲು ಕೂರಿಸುವ ವಿದ್ಯೆ ಅವನ ಕೈಯಲ್ಲಿತ್ತು. ಸುತ್ತಲಿನ ಹಳ್ಳಿಗಳ ಜನ ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ನೋವೆಂದು ಬಂದವರನ್ನು ಹಾಗೇ ಕಳಿಸುವುದಿಲ್ಲವೆಂದು ಗರಡಿಯ ಕೆಮ್ಮಣ್ಣು ಮುಟ್ಟಿ ತನ್ನ ಗುರುವಿಗೆ ಮಾತು ಕೊಟ್ಟವನು. ಆ ಮಾತಿಗೆ ಎಂದೂ ತಪ್ಪಿಲ್ಲವೆಂಬ ಹೆಮ್ಮೆ ಬೇರೆ. ಹೊರಗೇರಿಯವರು ಬಂದರೆ ಮಾತ್ರ ಮೈ ಮುಟ್ಟುತ್ತಿರಲಿಲ್ಲ. ಕಟ್ಟೆಯ ಮೇಲೆ ನಿಂತು, ಅವರು ಹಿಡಿದ ಬಟ್ಟಲಿಗೆ ಮೇಲಿನಿಂದ ಎಣ್ಣೆ ಹನಿಸಿ, ಎಲ್ಲಿ ಒತ್ತಬೇಕು, ಹೇಗೆ ಎಳೆಯಬೇಕು ಎಂದು ಬಾಯಿಂದ ಹೇಳಿ ಕಳಿಸುತ್ತಿದ್ದ. ಕೊಟ್ಟ ಮಾತೂ ಉಳಿಯಿತು, ಮಡಿಯೂ ಉಳಿಯಿತು ಎಂದುಕೊಂಡಿದ್ದ.

ಸಾಧುಸಂತರಲ್ಲಿ ಅವನಿಗೆ ನಂಬಿಕೆ ಅಷ್ಟಕ್ಕಷ್ಟೆ. ಗುಡಿಸಲಿಗೆ ಬಂದವನೇ, "ಊರ ಮಂದಿ ನೋವೆಲ್ಲಾ ವಿಭೂತಿ ಹಚ್ಚಿ ಕಳೀತೀರಂತ. ನಿಮ್ಮ ಕುತ್ತಿಗಿಗೆ ಮಾತ್ರ ನನ್ನ ಎಣ್ಣಿ ಬೇಕಾತೇನ್ರಿ ಅಜ್ಜಾರ?" ಎಂದ.

ಅಜ್ಜನವರು ಓರೆಯಾದ ಕತ್ತಿನಲ್ಲೇ ನಕ್ಕರು. "ಹೌದೋ ತಮ್ಮಾ. ಹಚ್ಚಿಕೊಳ್ಳಾಕ ಹಣಿ ಎಲ್ಲೈತಿ ಅಂತನ ತಿಳೀವಲ್ದು."

ವಸ್ತಾದ ಅವರನ್ನು ಕಂಬಳಿಯ ಮೇಲೆ ಬೋರಲು ಮಲಗಿಸಿ, ಪಾದದ ಬಳಿ ಕುಳಿತ. ಭಕ್ತರಲ್ಲೊಬ್ಬ ತಡೆಯಲಾರದೆ, "ನೋವು ಕುತ್ತಿಗ್ಯಾಗೈತ್ರಿ ಗೌಡ್ರ. ನೀವು ಹಿಮ್ಮಡಿ ಹಿಡದೀರಲ್ಲ?" ಎಂದ.

"ಮೈ ಅಂದ್ರ ಮನಿ ಇದ್ದಂಗ. ಬಾಗಲಾ ಬಿಗಿ ಆತಂತ ಬಾಗಲಾ ಕೆತ್ತಬಾರದು, ಬುನಾದಿ ಎಲ್ಲಿ ಕುಸದೈತಿ ನೋಡಬೇಕು. ನೋವು ಹುಟ್ಟೂದು ಒಂದ ಕಡೆ, ಕೂಗೂದು ಒಂದ ಕಡೆ."

ಅವನ ಹೆಬ್ಬೆರಳು ನಿಧಾನವಾಗಿ ಮೇಲೇರಿತು. ಬಲ ಹಿಮ್ಮಡಿ ಕಲ್ಲಿನಂತಾಗಿತ್ತು. ಬಲ ಟೊಂಕ ಕುಸಿದಿತ್ತು. ಅದನ್ನು ಸರಿದೂಗಿಸಲು ಬೆನ್ನು ಎಡಕ್ಕೆ ತಿರುಚಿಕೊಂಡಿತ್ತು, ಬೆನ್ನನ್ನು ಸರಿದೂಗಿಸಲು ಹೋಗಿ ಕುತ್ತಿಗೆ ಸೋತಿತ್ತು. ಬಲ ಪಕ್ಕೆಯಲ್ಲಿ ಯಾರದೋ ಮೊಣಕಾಲು ಒತ್ತಿ ಒತ್ತಿ ಚರ್ಮ ಜಡ್ಡುಗಟ್ಟಿತ್ತು. ಎಡ ಪಕ್ಕೆಯಲ್ಲಿ ಆ ಗುರುತಿಲ್ಲ. ವಸ್ತಾದನ ಮುಖದ ನಗೆ ಹೋಯಿತು.

"ಅಜ್ಜಾರ, ನೀವು ದಿನಾ ಯಾರನ್ನೋ ಬೆನ್ನ ಮ್ಯಾಲ ಹೊರತೀರಿ."

ಅವನ ಬೆರಳು ಮತ್ತೆ ಆ ಜಡ್ಡಿನ ಮೇಲೆ ಹೋಯಿತು.

"ದೊಡ್ಡಾಳು. ಅವನ ಎಡಗಾಲು ಮಡಚಂಗಿಲ್ಲ, ಜೋತು ಬೀಳತೈತಿ. ತೊಡಿ ಕೀಲ ಸರದಿರಬೇಕು. ಆವಾಗ ಯಾರರ ಕೈ ಹಚ್ಚಿದ್ರ ನೆಟ್ಟಗ ಆಗತಿದ್ದ. ಯಾಕ ಹಂಗ ಬಿಟ್ರಪ್ಪ ಅವನ್ನ…"

ಮಾತು ಅಲ್ಲಿಗೇ ನಿಂತಿತು. ಕೈಯೂ ನಿಂತಿತು. ಹೋದ ಸುಗ್ಗಿಯಲ್ಲಿ ಹೊರಗೇರಿಯ ದುರ್ಗಪ್ಪ ಮೇವಿನ ಬಂಡಿಯ ಮೇಲಿಂದ ಬಿದ್ದಿದ್ದ. ಅವನ ಹೆಂಡತಿ ಯಮನವ್ವ ಬಟ್ಟಲು ಹಿಡಿದು ಗರಡಿಯ ಮುಂದೆ ನಿಂತು, "ಒಂದ ಸಲ ಬಂದು ಕೈ ಹಚ್ಚರಿ ಯಪ್ಪಾ" ಎಂದಿದ್ದಳು. "ಹೇಳಿಕೊಟ್ಟೀನಲ್ಲ, ಹಂಗ ಎಳೀರಿ" ಎಂದು ಪರಗೊಂಡ ಒಳಗೆ ಹೋಗಿದ್ದ.

ಅಜ್ಜನವರು ಮಲಗಿದ್ದಲ್ಲಿಂದಲೇ ಮೆಲ್ಲಗೆ ನುಡಿದರು: "ದುರ್ಗಪ್ಪನ್ನ ಹಳ್ಳಕ್ಕ ಒಯ್ದು ಮೈ ತೊಳಸ್ತೀನಪ್ಪ. ನೀ ಕೊಟ್ಟ ಎಣ್ಣಿಗೆ ಬೆರಳಿರಲಿಲ್ಲ."

ಅಜ್ಜನವರು ಮುಂಜಾನೆ ಎದ್ದು ಹೋಗುವುದು ಜಪಕ್ಕೆಂದೇ ಭಕ್ತರೂ ತಿಳಿದಿದ್ದರು. ಈಗ ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ವಸ್ತಾದನಿಗೆ ಬೇಗ ಮುಗಿಸಿ ಅಲ್ಲಿಂದ ಹೊರಬಿದ್ದರೆ ಸಾಕೆನಿಸಿ, "ಕುತ್ತಿಗಿ ಬಿಡಸ್ತೀನ್ರಿ" ಎಂದು ಕೈ ಇಡಲು ಹೋದ. ಅಜ್ಜನವರು ಆ ಕೈಯನ್ನು ಹಿಡಿದುಕೊಂಡರು.

"ಬಾಗಲಾ ಕೆತ್ತಬ್ಯಾಡ. ಬುನಾದಿ ಆ ಓಣ್ಯಾಗೈತಿ."

ಊರೆಲ್ಲ ನೋಡುವ ಹಾಡುಹಗಲಿನಲ್ಲೇ ಪರಗೊಂಡ ಹೊರಗೇರಿಗೆ ನಡೆದ. ಅವನನ್ನು ಕಂಡು ಯಮನವ್ವ ಗಾಬರಿಯಾಗಿ ಒಳಗೆ ಹೋಗಿ ಅದೇ ಬಟ್ಟಲು ತಂದಳು. ದೂರದಲ್ಲಿ ನೆಲದ ಮೇಲಿಟ್ಟು, ಅವನು ಎಣ್ಣೆ ಹನಿಸಲಿ ಎಂದು ಹಿಂದೆ ಸರಿದು ನಿಂತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಅವಳು ಸರಿದು ನಿಂತದ್ದನ್ನು ಮಾತ್ರ ಅವನಿಂದ ನೋಡಲಾಗಲಿಲ್ಲ. ಬಟ್ಟಲನ್ನು ತಾನೇ ಎತ್ತಿಕೊಂಡು, ತಗ್ಗು ಬಾಗಿಲಲ್ಲಿ ಬಾಗಿ ಒಳಗೆ ಹೋದ.

ದುರ್ಗಪ್ಪ ಕಾಲು ಎಳೆದುಕೊಳ್ಳಲು ಹೆಣಗಿದ. "ಮುಟ್ಟಬ್ಯಾಡ್ರಿ ಗೌಡ್ರ, ಮಂದಿ ನೋಡ್ತಾರ."

ವಸ್ತಾದ ಆ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡ. ಅಂದು ತಾನು ಒತ್ತಲು ಹೇಳಿದ್ದ ಜಾಗಕ್ಕೆ ಬೆರಳಿಟ್ಟು ನೋಡಿದ. ಆ ಜಾಗವೇ ಅಲ್ಲ. ಮುಟ್ಟದೆ ಹೇಳಿದ್ದು ಸರಿಯಾಗುವುದಾದರೂ ಹೇಗೆ?

"ಯವ್ವಾ," ಎಂದ ಯಮನವ್ವನ ಕಡೆ ನೋಡದೆ, "ನಾ ತಪ್ಪು ಹೇಳಿದ್ದೆ."

ಅವಳು ಸೆರಗನ್ನು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದಳು.

ಅಂದಿನಿಂದ ಅವನು ದಿನವೂ ಆ ಮನೆಗೆ ಹೋದ. ಕೀಲು ಪೂರ್ತಿ ಕೂರಲಿಲ್ಲ, ಕಾಲ ಮೀರಿತ್ತು. ಆದರೂ ಶಿವರಾತ್ರಿಯ ಹೊತ್ತಿಗೆ ದುರ್ಗಪ್ಪ ಕೋಲೂರಿ, ಕುಂಟುತ್ತ, ತಾನೇ ಹಳ್ಳಕ್ಕಿಳಿದ. ಹೊರೆ ಇಳಿದ ಅಜ್ಜನವರ ಕುತ್ತಿಗೆ, ಯಾರೂ ಕೈ ಹಚ್ಚದೆ, ತಾನಾಗಿಯೇ ನೆಟ್ಟಗಾಗಿತ್ತು.

ಗರಡಿಯ ಕಟ್ಟೆಯಿಂದ ಎಣ್ಣೆ ಹನಿಸುವುದು ಅಲ್ಲಿಗೆ ನಿಂತಿತು. ಹೊರಗೇರಿಯವರು ಬಂದರೆ ವಸ್ತಾದ ತಾನೇ ಕೆಳಗಿಳಿದು ಬಂದು ಕಾಲ ಬಳಿ ಕೂರುತ್ತಿದ್ದ. ಮುಂದೆ ಯಾರಾದರೂ, "ಏನು ಕೈಗುಣ ಗೌಡ್ರ ನಿಮ್ದು" ಎಂದು ಹೊಗಳಿದರೆ, ಎರಡೂ ಕೈಗಳನ್ನು ಹೆಗಲ ಮೇಲಿನ ವಸ್ತ್ರದೊಳಗೆ ಮುಚ್ಚಿಕೊಂಡುಬಿಡುತ್ತಿದ್ದ.