ಎಲೆತೋಟದ ಮೈಲಿಗೆ

"ಗುರುಗಳೇ, ನನಗೆ ದೀಕ್ಷೆ ಬೇಡ, ಊರಿಗೆ ಕಳಿಸಿಬಿಡಿ. ಯಾವ ಪಾಪಕ್ಕೆ ನನ್ನ ಮನಸ್ಸು ಹೀಗೆ ಸತ್ತುಹೋಗಿದೆ?" ಎಂದು ದೀಕ್ಷೆಗಾಗಿ ಮಠ ಸೇರಿದ್ದ ಶಂಭುಲಿಂಗ ಕೇಳಿದ.

ಎಷ್ಟೋ ದಿನಗಳಿಂದ ಅವನಿಗೆ ಹಾಸಿಗೆ ಬಿಟ್ಟೇಳುವುದೇ ಬೆಟ್ಟ ಹೊತ್ತಂತಾಗಿತ್ತು. ಅನ್ನ ರುಚಿಸದು, ನಿದ್ದೆ ಹತ್ತದು. ಮಠದಲ್ಲಿ ಕೆಲವರು ಸೋಮಾರಿ ಎಂದರು, ಕೆಲವರು ಭಕ್ತಿ ಸಾಲದು ಎಂದರು. ಪಾಪ, ಅವನು ಎರಡನ್ನೂ ನಂಬಿದ. ಉಪವಾಸ ಹಿಡಿದ, ಜಪ ಹೆಚ್ಚಿಸಿದ, ಇನ್ನಷ್ಟು ಕುಸಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು:

ಒಬ್ಬ ರೈತನಿಗೆ ವೀಳ್ಯದೆಲೆಯ ತೋಟವಿತ್ತು. ಎಲೆತೋಟವೆಂದರೆ ಗುಡಿ ಇದ್ದ ಹಾಗೆ. ಮೀಯದೆ ಒಳಗೆ ಹೋಗುವಂತಿಲ್ಲ, ಚಪ್ಪಲಿ ಮೆಟ್ಟುವಂತಿಲ್ಲ. ಒಂದು ವರ್ಷ ಬಳ್ಳಿಗಳು ಹಳದಿಗೆ ತಿರುಗಿ ಜೋತುಬಿದ್ದವು. ತೋಟಕ್ಕೆ ಮೈಲಿಗೆ ತಗಲಿದೆ ಎಂದು ಊರಿಗೆ ಊರೇ ಹೇಳಿತು. ರೈತ ತನ್ನನ್ನೇ ಶಂಕಿಸಿದ. ಎಂದೋ ಮಡಿ ತಪ್ಪಿರಬೇಕು ಎಂದುಕೊಂಡು ಎರಡು ಹೊತ್ತು ಮಿಂದ, ಒಂದೇ ಹೊತ್ತು ಉಂಡ, ಕೊಡಗಟ್ಟಲೆ ತೀರ್ಥ ತಂದು ಬುಡಬುಡಕ್ಕೂ ಸುರಿದ. ಬಳ್ಳಿ ಮತ್ತಷ್ಟು ಬಾಡಿತು. ಪಾಪಿಯ ಕೈಯಲ್ಲಿ ತೋಟ ಉಳಿಯದು ಎಂದು ಕೊನೆಗೆ ಎಲ್ಲವನ್ನೂ ಕಿತ್ತುಹಾಕಲು ಹೊರಟ.

ಆ ದಿನ ಅವನ ಬೀಗ ಬಂದಿದ್ದ. ಅವನೂ ಎಲೆ ಬೆಳೆದೇ ತಲೆ ನರೆತವನು. ಬುಡದ ಮಣ್ಣು ಕೆದಕಿ ಬೇರನ್ನು ಹಿಸುಕಿದ. ಕಪ್ಪಗೆ ಕೊಳೆತ ಸಿಪ್ಪೆ ಕೈಗೆ ಬಂತು.

"ಬೀಗರೇ, ಇದು ಬೇರು ಕೊಳೆಯೋ ರೋಗ. ನಿಮ್ಮ ತೀರ್ಥ ಸಾಕು ಮಾಡಿ. ನಿಂತಿರೋ ನೀರು ಹೊರಗೆ ಬಿಡಿ, ಮೈಲುತುತ್ತ ಸುಣ್ಣ ಕಲಸಿದ ಮದ್ದು ಬುಡಕ್ಕೆ ಹಾಕಿ."

"ಹಾಗಾದರೆ ನನ್ನಿಂದ ಮೈಲಿಗೆ ಆಗಿಲ್ವಾ?"

"ರೋಗಕ್ಕೆ ಮಡಿ ಏನು, ಮೈಲಿಗೆ ಏನು? ಹೋದ ವರ್ಷ ನನ್ನ ತೋಟಕ್ಕೂ ಬಂದಿತ್ತು."

ರೈತ ಬದುವಿನ ಮೇಲೆ ಕುಳಿತು ಮನಸಾರೆ ಅತ್ತ. ತೋಟ ಉಳಿಯುವುದೋ ಇಲ್ಲವೋ ಇನ್ನೂ ತಿಳಿಯದು. ಆದರೂ ಎದೆಯ ಮೇಲಿನ ಭಾರ ಇಳಿದಿತ್ತು. ಮದ್ದು ಹಾಕಿದ. ಚಿಗುರಲು ತಿಂಗಳುಗಳೇ ಹಿಡಿದವು. ನಡುವೆ ಕೆಲವು ಬಳ್ಳಿಗಳು ಮತ್ತೆ ಬಾಡಿದವು, ಮತ್ತೆ ಮದ್ದು ಹಾಕಿದ. ತನ್ನನ್ನು ಬೈದುಕೊಳ್ಳುವುದನ್ನು ಮಾತ್ರ ಬಿಟ್ಟ.

ಕತೆ ಮುಗಿಸಿ ಗುರುಗಳು, ಮನಸ್ಸಿಗೂ ಹೀಗೆಯೇ ರೋಗ ಬರುವುದುಂಟು, ಬಲ್ಲವರು ಅದನ್ನು ಖಿನ್ನತೆ ಎನ್ನುತ್ತಾರೆ ಎಂದರು. ಶಂಭುಲಿಂಗ ಬಹಳ ದಿನಗಳ ಮೇಲೆ ತುಂಬು ಉಸಿರು ಬಿಟ್ಟ. ಆದರೂ ಅಳುಕು ಪೂರ್ತಿ ಹೋಗಿರಲಿಲ್ಲ.

"ದೇವರು ನನ್ನನ್ನು ಕ್ಷಮಿಸುತ್ತಾನೆಯೇ?"

"ಮಗು, ಕಾಯಿಲೆ ಬಿದ್ದವನನ್ನು ಯಾರಾದರೂ ಕ್ಷಮಿಸುತ್ತಾರೆಯೇ? ವೈದ್ಯರ ಬಳಿಗೆ ಕರೆದುಕೊಂಡು ಹೋಗುತ್ತಾರೆ, ನಡೆ."