ಸಿದರಾಯನ ಅಳತೆ

"ಗುರುಗಳೇ, ಇಲ್ಲದವನಿಗಾಗಿ ಮಾಡುವ ಕೆಲಸ ಮೋಹವೇ?" ಎಂದು ಶಿಷ್ಯ ಕೇಳಿದ.

ಕೇಳಲು ಕಾರಣವಿತ್ತು. ಬೆಟ್ಟದ ದಾರಿಯ ಪಕ್ಕದ ಆ ಮಠಕ್ಕೆ ಅವನೂ ಅವನ ಜೊತೆಗಾರನೂ ಎಂಟು ವರ್ಷ ಕೆಳಗಿನ ಬಾವಿಯಿಂದ ನೀರು ಹೊತ್ತಿದ್ದರು. ಶಿಷ್ಯ ತನ್ನ ಕೊಡವನ್ನು ನೇರ ಅಡುಗೆಮನೆಗೆ ಒಯ್ಯುತ್ತಿದ್ದ. ಜೊತೆಗಾರ ತನ್ನದನ್ನು ದಾರಿಯ ಕಡೆಗಿನ ಜಗಲಿಯ ಮೇಲೆ ಇಳಿಸಿ, ಅಲ್ಲೇ ಕೂತು ದಣಿವಾರಿಸಿಕೊಳ್ಳುತ್ತಿದ್ದ. ಹೋದ ಬೇಸಿಗೆಯಲ್ಲಿ ಜೊತೆಗಾರ ಜ್ವರ ಬಂದು ತೀರಿಕೊಂಡ. ಅಡುಗೆಮನೆಗೆ ಒಂದು ಕೊಡ ಸಾಕಾಗುತ್ತಿತ್ತು. ಆದರೂ ಶಿಷ್ಯ ದಿನವೂ ಎರಡು ಸಲ ಬೆಟ್ಟ ಇಳಿದು ಹತ್ತಿದ. ಜೊತೆಗಾರನ ಕೊಡವನ್ನು ತುಂಬಿ ಜಗಲಿಯ ಅದೇ ಜಾಗದಲ್ಲಿ ಇಟ್ಟ. ಸಂಜೆ ಅದನ್ನು ಎತ್ತಿ ಒಳಗೆ ಕವುಚಿದ. ಸತ್ತವನಿಗೆ ನೀರು ಹೊರುವವನಿಗೆ ವೈರಾಗ್ಯ ಎಲ್ಲಿಂದ ಬಂದೀತು ಎಂದು ಉಳಿದವರು ನಕ್ಕರು. ಆ ಮಾತು ಅವನಿಗೆ ನಾಟಿತು. ನಾಳೆಯಿಂದ ಬಿಟ್ಟುಬಿಡಲೇ ಎಂದು ಕೇಳಲು ಬಂದಿದ್ದ. ಬಿಡು ಎಂದುಬಿಟ್ಟರೆ ಏನು ಮಾಡಲಿ ಎಂಬ ಅಂಜಿಕೆಯೂ ಅವನಿಗಿತ್ತು.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಸಿಪಾಯಿ ಇದ್ದ, ಕಾಲಾಳು ಪಡೆಯವನು. ಕತೆಗಳಲ್ಲಿ ಬರುವಂಥ ವೀರನಲ್ಲ. ಅವನ ಎದೆಯ ಮೇಲೆ ಪದಕ ಇರಲಿಲ್ಲ, ಅಂಗಾಲಿನಲ್ಲಿ ಆಣಿ ಇತ್ತು. ನಾಲ್ಕು ವರ್ಷದ ಯುದ್ಧದಲ್ಲಿ ಅವನು ಬಂದೂಕು ಹಾರಿಸಿದ್ದು ಬೆರಳೆಣಿಕೆಯ ದಿನ. ನಡೆದದ್ದು ದಿನವೂ, ನೆಲ ಅಗೆದದ್ದು ದಿನವೂ.

ಪಡೆ ಎಲ್ಲಿ ನಿಂತರೂ ಮೊದಲು ಕಂದಕ ತೋಡಬೇಕು, ಆಮೇಲೆ ಚಹಾ. ಇಬ್ಬರಿಗೆ ಒಂದು ಕಂದಕ. ಇಬ್ಬರಲ್ಲಿ ಎತ್ತರದವನ ಕಂಕುಳ ಮಟ್ಟಕ್ಕೆ ಅದು ಇಳಿಯಬೇಕು. ಗಿಡ್ಡವನು ಕಾಲಡಿಗೆ ಕಲ್ಲು ಪೇರಿಸಿಕೊಂಡು ನಿಲ್ಲಬೇಕು. ಇದು ನಿಯಮ. ನಮ್ಮ ಸಿಪಾಯಿ ಗಿಡ್ಡ. ಅವನಿಗೆ ಜೊತೆಯಾದ ಸಿದರಾಯ ಬಾಗಿಲು ಕಂಡಲ್ಲೆಲ್ಲ ಬಗ್ಗುವಷ್ಟು ಉದ್ದ. ಹೀಗಾಗಿ ಸಿಪಾಯಿ ದಿನವೂ ತನಗೆ ಬೇಡದ ಒಂದು ಮೊಳ ಆಳ ಅಗೆದು, ಮತ್ತೆ ಕಲ್ಲು ಪೇರಿಸಿಕೊಂಡು ಅಷ್ಟೇ ಮೇಲೆ ಏರುತ್ತಿದ್ದ. ಗೊಣಗದೆ ಒಂದು ದಿನವೂ ಅಗೆಯಲಿಲ್ಲ.

"ನಿನ್ನ ಕಾಲು ಒಂದೀಟು ಕಮ್ಮಿ ಇದ್ದಿದ್ರ ಇಷ್ಟೊತ್ತಿಗೆ ನಂದು ಚಾ ಕುಡಿದು ಆಗಿರತಿತ್ತು" ಎನ್ನುತ್ತಿದ್ದ.

"ನಾ ಇಲ್ಲದ ದಿವಸ ನಿನ್ನ ಅಳತಿಗೆ ಅಗದು, ಎಲ್ಲಾರಕಿಂತ ಮೊದಲ ಕುಡಿಯುವಂತಿ ತಗೋ" ಎಂದು ಸಿದರಾಯ ನಗುತ್ತಿದ್ದ. ನಗುತ್ತಲೇ ಗಿಡ್ಡವನ ಕಾಲಡಿಯ ಕಲ್ಲನ್ನು ತಾನೇ ಹೊತ್ತು ತರುತ್ತಿದ್ದ. ಎಂಥ ಒಳ್ಳೆಯ ದಿನಗಳು ಎಂದು ಸಿಪಾಯಿಗೆ ಆಗ ಗೊತ್ತಿರಲಿಲ್ಲ. ಹಸಿಮಣ್ಣಿನ ವಾಸನೆ, ತಗಡಿನ ಲೋಟದ ಬಿಸಿ, ಪಕ್ಕದಲ್ಲಿ ಊರಿನ ಮಾತು. ಅದು ಯುದ್ಧ ಎಂಬುದೇ ಒಮ್ಮೊಮ್ಮೆ ಮರೆತುಹೋಗುತ್ತಿತ್ತು.

ಒಂದು ಹೊಳೆ ದಾಟುವಾಗ ಸಿದರಾಯನಿಗೆ ಗುಂಡು ತಗುಲಿತು. ದಡಕ್ಕೆ ಎಳೆದು ತರುವಷ್ಟರಲ್ಲಿ ಜೀವ ಹೋಗಿತ್ತು. ಅಳಲು ಪುರುಸೊತ್ತು ಸಿಗಲಿಲ್ಲ. ಆಚೆ ಹತ್ತು ಮೈಲಿ ನಡೆದು ಪಡೆ ನಿಂತಾಗ ಎಲ್ಲರಂತೆ ಸಿಪಾಯಿಯೂ ಸಲಿಕೆ ಹಿಡಿದ. ಹೊಸದಾಗಿ ಜೊತೆಯಾದವನು ಅವನಿಗಿಂತ ಗಿಡ್ಡ. ತನ್ನ ಕಂಕುಳ ಮಟ್ಟ ಬಂದಾಗ ಸಿಪಾಯಿ ನಿಲ್ಲಿಸಬೇಕಿತ್ತು. ಕೈ ನಿಲ್ಲಲಿಲ್ಲ. ಸಿದರಾಯನ ಅಳತೆ ಮುಟ್ಟಿದ ಮೇಲೆ ಸಲಿಕೆ ಕೆಳಗಿಟ್ಟು, ಇಬ್ಬರಿಗೂ ಆಗುವಷ್ಟು ಕಲ್ಲು ತಾನೇ ತಂದು ಪೇರಿಸಿದ. ಚಹಾ ಬಂದಾಗ ಅವನಿಗೆ ಅಳು ಬಂತು.

ಆರು ತಿಂಗಳು ಹೀಗೇ ನಡೆಯಿತು. ಹೊಸ ಜೊತೆಗಾರ ಬೈದು ಬೈದು ಸುಮ್ಮನಾದ. ಕೊನೆಗೆ ಹವಾಲ್ದಾರ ಕರೆದು ಗದರಿಸಿದ. ಸತ್ತವನಿಗೆ ಮನೆ ಕಟ್ಟಲು ನಿನ್ನನ್ನು ಇಲ್ಲಿಗೆ ಕರೆತಂದಿಲ್ಲ, ನಾಳೆಯಿಂದ ನಿನ್ನ ಅಳತೆಗೆ ಅಗೆಯದಿದ್ದರೆ ಸಲಿಕೆ ಕಸಿದುಕೊಂಡು ಅಡುಗೆಯವರ ಜೊತೆ ಹಾಕುತ್ತೇನೆ ಎಂದ. ತನ್ನ ತಲೆಯೇ ನೆಟ್ಟಗಿಲ್ಲವೇನೋ ಎಂದು ಸಿಪಾಯಿಗೂ ಅನ್ನಿಸಿತ್ತು. ಆಗಲಿ, ಇವತ್ತು ತೋಡಿದ ಈ ಕಂದಕವೇ ಕೊನೆಯದು ಎಂದು ಒಪ್ಪಿಕೊಂಡ. ಒಪ್ಪಿಕೊಂಡ ಮೇಲೆ ಸಿದರಾಯ ಇನ್ನೊಂದು ಸಲ ಸತ್ತಷ್ಟು ಸಂಕಟವಾಯಿತು.

ಮರುದಿನ ಅಲ್ಲಿಂದ ಹೊರಡುವ ಮೊದಲೇ ವೈರಿಯ ತೋಪುಗಳು ಶುರುವಾದವು. ಮುಂದಿನ ಸಾಲಿನಿಂದ ಬೇರೆ ಪಡೆಯವನೊಬ್ಬ ಕುಂಟುತ್ತ ಬಂದು ಇವರ ಕಂದಕಕ್ಕೆ ಬಿದ್ದ. ಆರಡಿ ಮೀರಿದ ಆಳು. ಮೊಣಕಾಲಿಗೆ ಪೆಟ್ಟಾಗಿ ಕಾಲು ಮಡಚಲು ಬರುತ್ತಿರಲಿಲ್ಲ. ಕೂರಲಾರದೆ ಗೋಡೆಗೆ ಒರಗಿ ನಿಂತು ಬೆನ್ನು ಬಾಗಿಸಿದ. ತಲೆ ಅಂಚಿನ ಕೆಳಗೆ ಬಂತು, ಅಷ್ಟೇ. ಗಿಡ್ಡರಿಬ್ಬರೂ ಅವನ ಕಾಲ ಬಳಿ ಮುದುಡಿ ಕೂತರು. ಒಂದು ತಾಸು ತೋಪಿನ ಗುಂಡಿನ ಚೂರುಗಳು ಕಂದಕದ ಅಂಚನ್ನು ಕೆತ್ತಿ ಹಾರಿದವು. ಯಾರಿಗೂ ಏನೂ ಆಗಲಿಲ್ಲ.

ಸದ್ದು ನಿಂತ ಮೇಲೆ ಅವನು ಕಂದಕವನ್ನು ಮೇಲಿಂದ ಕೆಳಗೆ ನೋಡಿದ. "ನನ್ನ ಅಳತೆಗೇ ತೋಡ್ದಂಗದಲ್ಲಪ್ಪ ಈ ಗುಂಡಿ. ನೀವಿಬ್ರೂ ನೋಡುದ್ರೆ ಇಷ್ಟಿದ್ದೀರಿ. ಯಾರಿಗೋಸ್ಕರ?"

"ಸಿದರಾಯನ ಸಲುವಾಗಿ" ಎಂದ ಸಿಪಾಯಿ.

"ಅವ್ರು ಸಿಕ್ಕುದ್ರೆ ನನ್ನದೊಂದು ನಮಸ್ಕಾರ ಹೇಳ್ಬುಡಪ್ಪ."

"ಹೇಳತೀನಿ."

ಹವಾಲ್ದಾರ ದೂರದಿಂದ ಎಲ್ಲ ನೋಡಿದ್ದ. ಮುಂದೆ ಪಡೆ ನಿಂತಲ್ಲಿ ಅವನು ಸಿಪಾಯಿಯ ಕಂದಕದ ಕಡೆ ಬಂದ, ಆಳ ಸಿದರಾಯನ ಅಳತೆಗೇ ಇರುವುದನ್ನು ನೋಡಿದ, ಮುಂದಿನ ಕಂದಕದ ಕಡೆ ಹೋದ.

ಯುದ್ಧ ಮುಗಿದು ಸಿಪಾಯಿ ಊರಿಗೆ ಬಂದ, ಮುದುಕನಾದ. ಯಾರ ಹಿತ್ತಲಲ್ಲಿ ಗಿಡಕ್ಕೆ ಗುಂಡಿ ತೋಡಿದರೂ ಹೋಗಿ ದಂಡೆಯ ಮೇಲೆ ಕೂತು ಹಸಿಮಣ್ಣಿನ ವಾಸನೆ ಕುಡಿಯುತ್ತಿದ್ದ. ಯಾರ ಮನೆಯ ಚಹಾವೂ ಆ ತಗಡಿನ ಲೋಟದ ಚಹಾದಷ್ಟು ರುಚಿಸಲಿಲ್ಲ. ಯುದ್ಧದಲ್ಲಿ ಎಷ್ಟು ಜನರನ್ನು ಹೊಡೆದೆ ಎಂದು ಊರಿನವರು ಕೇಳುತ್ತಿದ್ದರು. ಅದು ತನಗೆ ಗೊತ್ತಿಲ್ಲ, ಸಿದರಾಯ ಒಬ್ಬನನ್ನು ಉಳಿಸಿದ್ದು ಮಾತ್ರ ಗೊತ್ತು ಎನ್ನುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಹೊರಗೆ ಸೌದೆ ಹೊತ್ತ ಹೆಂಗಸರು ಬೆಟ್ಟದ ದಾರಿಯಲ್ಲಿ ಬಂದು ಜಗಲಿಯ ಬಳಿ ಹೊರೆ ಇಳಿಸುತ್ತಿದ್ದರು. ಹಾಗಾದರೆ ಕೊಡದ ವಿಷಯ ಏನು ಮಾಡಲಿ ಎಂದು ಕೇಳಲು ಶಿಷ್ಯ ಬಾಯಿ ತೆರೆದ. ಗುರುಗಳೇ ಅವನನ್ನು ಕೇಳಿದರು:

"ಜಗಲಿಯ ಮೇಲಿನ ಆ ಕೊಡ ಸಂಜೆ ಎತ್ತುವಾಗ ಯಾವತ್ತಾದರೂ ಭಾರವಿತ್ತೇ?"