ಹೊನ್ನಿ ಕಾದ ಗವಿ

ಒಂದು ಕಾಡಿನಲ್ಲಿ ಬಂಡೆಗಳ ಗುಡ್ಡವೊಂದಿತ್ತು. ಆ ಗುಡ್ಡದ ಗವಿಯಲ್ಲಿ ದುರುಗವ್ವ ಎಂಬ ಕರಡಿ ಇದ್ದಳು. ಅವಳಿಗೆ ಹೊನ್ನಿ ಎಂಬ ಮಗಳಿದ್ದಳು.

ಕರಡಿಗಳಲ್ಲಿ ಒಂದು ಪದ್ಧತಿ ಇದೆ. ಮರಿ ಚಿಕ್ಕದಿರುವಾಗ ತಾಯಿ ಅದನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತಾಳೆ. ಬೆಳೆದ ಮೇಲೆ ಕೆಳಗೆ ಇಳಿಸುತ್ತಾಳೆ. ದುರುಗವ್ವ ಮಾತ್ರ ಇಳಿಸಲೇ ಇಲ್ಲ. ಹೊನ್ನಿ ಮೂರು ಮಳೆಗಾಲ ಕಂಡಿದ್ದಳು. ಬೆನ್ನ ಮೇಲೆ ಕೂತರೆ ಅವಳ ಕಾಲು ನೆಲಕ್ಕೆ ತಾಗುತ್ತಿತ್ತು. ಅಷ್ಟು ದೊಡ್ಡವಳನ್ನು ಹೊತ್ತುಕೊಂಡು ದುರುಗವ್ವ ಏದುಸಿರು ಬಿಡುತ್ತಾ ಗುಡ್ಡ ಹತ್ತುತ್ತಿದ್ದಳು. ಮೊಲ, ನವಿಲು, ಮುಳ್ಳುಹಂದಿ ಎಲ್ಲ ನಿಂತು ನೋಡಿ ಕಿಸಕ್ಕನೆ ನಗುತ್ತಿದ್ದವು. ನೀವೂ ನಗುತ್ತಿದ್ದೀರಾ? ನಗಿ, ನಗಿ. ಹತ್ತನೇ ಕ್ಲಾಸಿನ ಮಗಳ ಬ್ಯಾಗನ್ನು ಯಾರು ಹೊರುತ್ತಾರೆ ಅಂತ ನಿಮ್ಮ ಮನೆಯಲ್ಲಿ ಆಮೇಲೆ ಕೇಳುತ್ತೇನೆ.

ದುರುಗವ್ವನ ತಲೆ ಕೆಡಿಸಿದ್ದು ಪಕ್ಕದ ಬಿಲದ ನರಿ. ಅವನಿಗೆ ಮಕ್ಕಳಿರಲಿಲ್ಲ. ಆದರೂ ಮಕ್ಕಳನ್ನು ಸಾಕುವುದು ಹೇಗೆ ಅಂತ ಕಾಡಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

"ದುರುಗಕ್ಕ, ಈ ವಯಸ್ಸು ಬಲು ಕೆಟ್ಟದ್ದು. ಕೆಳಗೆ ಬಿಟ್ಟೆಯೋ, ಕೈತಪ್ಪಿ ಹೋದಳು ಅಂತಲೇ ತಿಳಿ," ಎನ್ನುತ್ತಿದ್ದ. ಹಾಗೆ ಹೇಳಿದ್ದಕ್ಕೆ ಅವನಿಗೆ ದಿನವೂ ಒಂದಿಷ್ಟು ಜೇನು ಸಿಗುತ್ತಿತ್ತು. ಬೇರೆಯವರ ಭಯದಲ್ಲಿ ಹೊಟ್ಟೆ ಹೊರೆಯುವವರು ಕಾಡಿನಲ್ಲೂ ಇರುತ್ತಾರೆ, ನೋಡಿ.

ಆ ಚಳಿಗಾಲ ದುರುಗವ್ವನಿಗೆ ಇನ್ನೊಂದು ಮರಿ ಹುಟ್ಟಿತು. ಗಂಡುಮರಿ. ಕಣ್ಣು ಇನ್ನೂ ಬಿಟ್ಟಿರಲಿಲ್ಲ. ಅದನ್ನು ಬಿಟ್ಟು ಹೋಗಲಾರದೆ ದುರುಗವ್ವ ಎಷ್ಟೋ ದಿನ ಗವಿಯಲ್ಲೇ ಉಪವಾಸ ಬಿದ್ದಿದ್ದಳು. ಹಾಲು ಕಡಿಮೆಯಾಯಿತು. ಮರಿ ರಾತ್ರಿಯೆಲ್ಲ ಅಳತೊಡಗಿತು. ತಾಯಿ ಹೊರಗೆ ಹೋಗಿ ತಿಂದು ಬರದಿದ್ದರೆ ಮರಿ ಉಳಿಯುವಂತಿರಲಿಲ್ಲ.

ನರಿ ಓಡೋಡಿ ಬಂದ. "ದುರುಗಕ್ಕ, ನಾನಿರುವಾಗ ನಿನಗ್ಯಾಕೆ ಚಿಂತೆ? ಹೊನ್ನಿಯನ್ನ ಬೆನ್ನ ಮೇಲೆ ಕೂರಿಸಿಕೊಂಡು ಹೋಗು. ಹಳ್ಳದಾಚೆ ಹುತ್ತಗಳಿವೆ, ಹೊಟ್ಟೆ ತುಂಬ ಗೆದ್ದಲು ತಿಂದು ಬಾ. ಪಾಪುವನ್ನ ನಾನು ನೋಡ್ಕೋತೀನಿ."

ದುರುಗವ್ವ ಹಿಂದೆಮುಂದೆ ನೋಡದೆ ಒಪ್ಪಿಬಿಟ್ಟಳು! ಹಸಿದವಳಿಗೆ ಬುದ್ಧಿ ಓಡಲಿಲ್ಲ ಅನ್ನಿ. ಬೆನ್ನು ಬಗ್ಗಿಸಿ ಮಗಳಿಗೆ ಹೇಳಿದಳು, "ಹತ್ತು."

"ಹತ್ತಲ್ಲ," ಎಂದಳು ಹೊನ್ನಿ.

"ಏನಂದೆ?"

"ಹತ್ತಲ್ಲ ಅಂದೆ. ತಮ್ಮನನ್ನ ನಾನು ಕಾಯ್ತೀನಿ. ಬೇಕಿದ್ರೆ ನರಿ ಮಾವನ್ನ ಕೂರಿಸ್ಕೊಂಡು ಹೋಗು. ನನಗಿಂತ ಹಗುರ ಇದ್ದಾನೆ."

ನರಿ ಕೆಮ್ಮಿದ. "ಕೇಳಿಸ್ಕೊಂಡೆಯಾ ಅಕ್ಕ? ಎದುರು ಮಾತು! ನಾನು ಹೇಳಿರಲಿಲ್ವಾ?"

ದುರುಗವ್ವನಿಗೆ ಸಿಟ್ಟು ನೆತ್ತಿಗೇರಿತು. "ನೀನು ಕಾಯ್ತೀಯಾ? ನಿನಗೇನು ಗೊತ್ತಿದೆ? ಒಂದು ಹುತ್ತ ಅಗೆಯೋಕೂ ಬರಲ್ಲ!"

"ಅಗೆಯೋಕೆ ಬಿಟ್ಟಿದ್ದೀಯಾ?" ಹೊನ್ನಿ ತಲೆ ತಗ್ಗಿಸಲಿಲ್ಲ. "ಯಾವತ್ತಾದ್ರೂ ನನ್ನ ಕೈಗೆ ಒಂದು ಕೆಲಸ ಕೊಟ್ಟಿದ್ದೀಯಾ ಅವ್ವ? ತಪ್ಪು ಮಾಡೋಕಾದ್ರೂ ಬಿಟ್ಟಿದ್ದೀಯಾ? ನಾನು ಇಲ್ಲಿಂದ ಕದಲಲ್ಲ. ಹೊಡೀತೀಯಾ? ಹೊಡಿ."

ದುರುಗವ್ವ ಎತ್ತಿದ ಪಂಜವನ್ನು ಇಳಿಸಿದಳು. ಮಗಳ ಉಗುರುಗಳನ್ನು ನೋಡಿದಳು. ತನ್ನ ಉಗುರುಗಳಷ್ಟೇ ಉದ್ದ ಬೆಳೆದಿದ್ದವು. ಇದು ಯಾವಾಗ ಆಯಿತು ಎಂದು ಅವಳಿಗೆ ತಿಳಿದೇ ಇರಲಿಲ್ಲ.

"ನನಗೆ ಭಯ ಕಣೇ," ಎಂದಳು ಮೆಲ್ಲಗೆ.

"ನನಗೂ ಭಯ ಅವ್ವ. ಆದ್ರೂ ಕಾಯ್ತೀನಿ."

ದುರುಗವ್ವ ಒಪ್ಪಿದಳು. "ಗವಿಯ ಬಾಗಿಲು ಬಿಟ್ಟು ಹೋಗಬೇಡ. ಯಾರಾದ್ರೂ ಬಂದ್ರೆ ಎರಡು ಕಾಲ ಮೇಲೆ ನಿಂತು ಗರ್ಜಿಸು," ಎಂದು ಹೇಳಿಕೊಟ್ಟು ಹೊರಟಳು.

ಅಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಬಂಡೆಯ ತಿರುವಿನಲ್ಲಿ ನರಿ ಅವಳ ಕಿವಿಯ ಹತ್ತಿರ ಬಂದ. "ಅಕ್ಕ, ಪೊದೆಯ ಹಿಂದೆ ಕೂತು ನಾನೊಂದು ಕಣ್ಣಿಟ್ಟಿರ್ತೀನಿ. ಅವಳಿಗೆ ಹೇಳೋದೇನೂ ಬೇಡ." ದುರುಗವ್ವ ಒಂದು ಕ್ಷಣ ಅನುಮಾನಿಸಿದಳು. ಆಮೇಲೆ ತಲೆಯಾಡಿಸಿದಳು. ಅಯ್ಯೋ ತಾಯಿ! ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡೆಯಲ್ಲ!

ಬಿಸಿಲು ನೆತ್ತಿಗೆ ಬಂತು. ನರಿ ಪೊದೆಯಿಂದ ಎದ್ದು ಗವಿಯ ಮುಂದೆ ಬಂದ. ಹೊನ್ನಿ ತಟ್ಟನೆ ಎರಡು ಕಾಲ ಮೇಲೆ ನಿಂತಳು.

"ಕೂತ್ಕೋ ಮಗಳೇ, ಕೂತ್ಕೋ. ನಿನ್ನವ್ವನೇ ನನ್ನನ್ನ ಇಟ್ಟಿದ್ದಾಳೆ. ನಿನ್ನ ಮೇಲೆ ಕಣ್ಣಿಡೋಕೆ."

"ಸುಳ್ಳು!"

"ಸಂಜೆ ಅವಳನ್ನೇ ಕೇಳು. ನಾನ್ಯಾಕೆ ಸುಳ್ಳು ಹೇಳಲಿ?"

ಹೊನ್ನಿಗೆ ಅದು ನಿಜವೆಂದು ಗೊತ್ತಾಯಿತು. ಅವ್ವ ಹಾಗೆ ಮಾಡುವವಳೇ. ಅವಳಿಗೆ ಅಳು ಉಕ್ಕಿ ಬಂತು.

ನರಿ ದನಿಯಲ್ಲಿ ಬೆಣ್ಣೆ ಸವರಿದ. "ನಂಬದವರಿಗೋಸ್ಕರ ಯಾಕಮ್ಮ ಬಿಸಿಲಲ್ಲಿ ಒಣಗ್ತೀಯಾ? ಕೆಳಗಿನ ದಿಬ್ಬದಲ್ಲಿ ಬೋರೆಹಣ್ಣು ಉದುರಿ ಬಿದ್ದಿವೆ. ಹೋಗಿ ತಿನ್ನು. ಕಾಯೋಕೆ ನಾನಿದ್ದೀನಲ್ಲ."

ಹೊನ್ನಿ ದಡಬಡನೆ ದಿಬ್ಬದ ಕಡೆ ನಡೆದುಬಿಟ್ಟಳು. ಸಿಟ್ಟಿನಲ್ಲಿ ಕಲ್ಲುಗಳನ್ನು ಒದೆಯುತ್ತಾ ಹೋದಳು. ನಂಬಲ್ವಾ? ಬೇಡ! ನಾನು ಕಾಯೋದೂ ಇಲ್ಲ!

ಆದರೆ ಅರ್ಧ ದಾರಿಯಲ್ಲಿ ಅವಳ ಕಾಲು ನಿಂತಿತು. ಅವ್ವ ನಂಬಲಿ, ಬಿಡಲಿ. ತಮ್ಮ ಏನು ಮಾಡಿದ್ದಾನೆ? ಅವನಿಗೆ ಕಣ್ಣೂ ಕಾಣದು. ಈ ಕೆಲಸವನ್ನು ಯಾರೂ ಹೇರಿದ್ದಲ್ಲ, ನಾನೇ ಹಟ ಹಿಡಿದು ಕೇಳಿ ತೆಗೆದುಕೊಂಡದ್ದು. ಅಲ್ಲದೆ, ನನ್ನ ಮೇಲೆ ಕಣ್ಣಿಡಲು ಬಂದವನು ನನ್ನನ್ನೇ ಯಾಕೆ ಆಚೆ ಕಳಿಸಿದ?

ಅವಳು ತಿರುಗಿ ಓಡಿದಳು.

ಬಂದು ನೋಡಿದರೆ ನರಿ ಗವಿಯೊಳಗೆ ತಲೆ ಹಾಕಿದ್ದ. ಹೊರಗೆ ಬಾಲವೊಂದೇ ಕಾಣುತ್ತಿತ್ತು. ಒಳಗೆ ಮರಿ ಚೀರುತ್ತಿತ್ತು. ಹೊನ್ನಿ ಆ ಬಾಲಕ್ಕೆ ಉಗುರು ಊರಿ ಬಲವಾಗಿ ಎಳೆದಳು. ನರಿ ಮರಿಯನ್ನು ಬಿಟ್ಟು ಊಳಿಡುತ್ತಾ ಓಡಿಹೋದ. ಬಾಲದ ಅರ್ಧ ಕೂದಲು ಹೊನ್ನಿಯ ಉಗುರಿನಲ್ಲೇ ಉಳಿಯಿತು.

ನರಿ ಸುಮ್ಮನಿರುವವನೇ? ನೆಟ್ಟಗೆ ಹಳ್ಳದ ಕಡೆ ಓಡಿದ. ದುರುಗವ್ವ ಆಗಷ್ಟೇ ಒಂದು ಹುತ್ತಕ್ಕೆ ಬಾಯಿ ಹಾಕಿದ್ದಳು.

"ಅಕ್ಕಾ, ಕೆಟ್ಟೆವು! ನಿನ್ನ ಮಗಳು ಬೋರೆಹಣ್ಣಿನ ಆಸೆಗೆ ಗವಿ ಬಿಟ್ಟು ಓಡಿದಳು! ಯಾವುದೋ ಕಾಡುನಾಯಿ ಮರಿಯ ಕುತ್ತಿಗೆಗೆ ಬಾಯಿ ಹಾಕಿತ್ತು. ನಾನು ಹೋರಾಡಿ ಬಿಡಿಸಿದೆ. ನೋಡು ನನ್ನ ಬಾಲದ ಗತಿ!"

ದುರುಗವ್ವ ತಿನ್ನುವುದನ್ನು ಬಿಟ್ಟು ಬಿದ್ದಂಬೀಳ ಓಡಿ ಬಂದಳು. ನರಿಯೂ ಹಿಂದೆಯೇ ಬಂದ. ಹೊನ್ನಿ ತಮ್ಮನನ್ನು ಎದೆಗೆ ಒತ್ತಿಕೊಂಡು ಗವಿಯ ಬಾಗಿಲಲ್ಲಿ ಕೂತಿದ್ದಳು. ಮರಿಯ ಕುತ್ತಿಗೆಯಲ್ಲಿ ಹಲ್ಲಿನ ಗುರುತಿತ್ತು. ಆದರೆ ಅದು ಉಸಿರಾಡುತ್ತಿತ್ತು.

"ಗವಿ ಬಿಟ್ಟು ಹೋಗಿದ್ದೆಯಾ?" ದುರುಗವ್ವ ಕೇಳಿದಳು.

"ಹೋಗಿದ್ದೆ ಅವ್ವ. ಅರ್ಧ ದಾರಿ ಹೋಗಿದ್ದೆ. ಅದು ನನ್ನ ತಪ್ಪೇ. ಇನ್ನೊಂದು ಚೂರು ತಡವಾಗಿದ್ರೆ ತಮ್ಮ ಇರ್ತಿರಲಿಲ್ಲ. ಬಾಯಿ ಹಾಕಿದ್ದು ಈ ನರಿ ಮಾವನೇ." ಹೊನ್ನಿ ತಾಯಿಯ ಮುಖವನ್ನು ನೇರ ನೋಡಿದಳು. "ಈಗ ನೀನು ಹೇಳು. ನನ್ನ ಹಿಂದೆ ಇವನನ್ನ ಇಟ್ಟಿದ್ದೆಯಾ?"

"ದುರುಗಕ್ಕ, ಚಿಕ್ಕವರಿಗೆಲ್ಲ ಜವಾಬು ಕೊಡ್ತಾ ನಿಲ್ಲಬೇಡ," ಎಂದ ನರಿ.

ದುರುಗವ್ವನಿಗೆ ನಾಚಿಕೆಯಾಯಿತು. ಸುಳ್ಳು ಹೇಳುವುದು ಸುಲಭವಿತ್ತು. ಅವಳು ಹೇಳಲಿಲ್ಲ. "ಇಟ್ಟಿದ್ದೆ ಮಗಳೇ. ಅದು ನನ್ನ ತಪ್ಪು."

ಆಮೇಲೆ ಅವಳು ಹೊನ್ನಿಯ ಉಗುರಿಗೆ ಸಿಕ್ಕ ಬಾಲದ ಕೂದಲನ್ನು ನೋಡಿ ನರಿಯ ಕಡೆ ತಿರುಗಿದಳು. "ನನ್ನ ಮಗಳು ತನ್ನ ತಪ್ಪು ಒಪ್ಪಿಕೊಂಡಳು. ನಾನೂ ಒಪ್ಪಿಕೊಂಡೆ. ನಿನ್ನದು ಮಾತ್ರ ಒಂದೂ ತಪ್ಪಿಲ್ಲ. ಅಲ್ವೇನೋ?"

ನರಿ ಎರಡು ಹೆಜ್ಜೆ ಹಿಂದೆ ಸರಿದ. "ಅಕ್ಕ, ಹುಡುಗಿ ಮಾತು ಕೇಳಿ ನನ್ನನ್ನ..."

"ಈ ಗವಿಯ ಕಾವಲು ಅವಳದ್ದು. ನಿನ್ನನ್ನ ಏನು ಮಾಡಬೇಕು ಅಂತ ಅವಳನ್ನೇ ಕೇಳು."

ಹೊನ್ನಿ ತಮ್ಮನನ್ನು ತಾಯಿಯ ಕೈಗೆ ಕೊಟ್ಟು ಎದ್ದು ನಿಂತಳು. ಎರಡು ಕಾಲ ಮೇಲೆ ನಿಂತು, ಎದೆ ತುಂಬ ಉಸಿರೆಳೆದು ಗರ್ಜಿಸಿದಳು. ಗುಡ್ಡವೆಲ್ಲ ಮಾರ್ದನಿಗೊಟ್ಟಿತು. ನರಿ ದಿಕ್ಕು ತೋಚದೆ ಓಡಿ, ಬಂಡೆಯಿಂದ ಜಾರಿ, ಕೆಳಗಿನ ಪಾಪಾಸುಕಳ್ಳಿಯ ಮೇಲೆ ದೊಪ್ಪನೆ ಬಿದ್ದ. ಮುಳ್ಳು ಕೀಳುವುದಕ್ಕೇ ಅವನಿಗೆ ಒಂದು ತಿಂಗಳು ಹಿಡಿಯಿತು. ಅವನ ಸಲಹೆಗೆ ಕಾಡಿನ ಒಬ್ಬ ತಾಯಿಯೂ ಮತ್ತೆ ಕಿವಿಗೊಡಲಿಲ್ಲ.

ಮರಿ ಮತ್ತೆ ಅಳತೊಡಗಿತು. ಅದಕ್ಕೆ ಹಸಿವು. ದುರುಗವ್ವನ ಹೊಟ್ಟೆ ಇನ್ನೂ ಖಾಲಿಯೇ ಇತ್ತು. ಅವಳು ಮರಿಯನ್ನು ಹೊನ್ನಿಯ ಮಡಿಲಲ್ಲಿಟ್ಟಳು.

"ಹೋಗಿ ತಿಂದು ಬರ್ತೀನಿ," ಎಂದಳು.

"ಇಷ್ಟಾದ ಮೇಲೂ ನನ್ನನ್ನ ಕಾವಲಿಗೆ ಬಿಟ್ಟು ಹೋಗ್ತೀಯಾ ಅವ್ವ?"

"ಇಷ್ಟಾದ್ದರಿಂದಲೇ ಹೋಗ್ತೀನಿ."

ದುರುಗವ್ವ ಇಳಿಜಾರಿನಲ್ಲಿ ನಡೆದಳು. ತಿರುಗಿ ನೋಡಬೇಕೆಂದು ಅವಳ ಕತ್ತು ಒದ್ದಾಡಿತು. ಅವಳು ನೋಡಲಿಲ್ಲ. ಹೊತ್ತು ಮುಳುಗುವ ಮೊದಲು ಹೊಟ್ಟೆ ತುಂಬ ತಿಂದು ಬಂದಳು. ಆ ದಿನ ಮರಿ ಗಟಗಟನೆ ಹಾಲು ಕುಡಿದು ಅಳದೆ ಮಲಗಿತು. ಹೊನ್ನಿ ಗವಿಯ ಬಾಗಿಲಲ್ಲೇ ಕೂತಿದ್ದಳು. ತಾಯಿ ಬಾ ಒಳಗೆ ಅಂದರೂ ಏಳಲಿಲ್ಲ.

ನೀತಿ: ಬೆಳೆದ ಮಕ್ಕಳಿಗೆ ಜವಾಬ್ದಾರಿ ಕೊಡಿ, ಕೊಟ್ಟ ಮೇಲೆ ಪೂರ್ತಿ ನಂಬಿ, ಅವರು ತಪ್ಪು ಮಾಡಿ ಒಪ್ಪಿಕೊಂಡರೆ ಕೊಟ್ಟದ್ದನ್ನು ಕಿತ್ತುಕೊಳ್ಳಬೇಡಿ, ಮತ್ತೊಮ್ಮೆ ಕೊಡಿ.